ಇಟ್ಟಂಗಿ ಕೊಳ ಮತ್ತು ಅತ್ತೆಯ ಹೂಬುಟ್ಟಿ

ನಮ್ಮ ಮನೆಯ ಹೂಗಳಿಗೆ ಬಿಸಿಲು ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಅತ್ತೆ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ದಾಸವಾಳ, ಕಣಗಿಲೆ, ಮಲ್ಲಿಗೆ, ಅರಳಿದ್ದು, ಅರೆ ಅರಳಿದ್ದು ಎಲ್ಲವೂ ಅವರ ಲಿಂಗಪೂಜೆಗೆ. ನಾನು ಚಹಾ ಹಿಡಿದು ಹೊರಗೆ ಬರುವ ಹೊತ್ತಿಗೆ ಗಿಡದಲ್ಲಿ ಬರೀ ಎಲೆ. ಮದುವೆಯಾಗಿ ಶಲವಡಿಗೆ ಬಂದಾಗಿನಿಂದ ಇದೇ ಕಥೆ.

ನಾನು ತಂಬೂರಿನ ಕಡೆಯವಳು. ತವರಿನ ಕೆರೆಯಲ್ಲಿ ತಾವರೆ ನೀರಿನ ಮೇಲೇ ಅರಳಿ, ನೀರಿನ ಮೇಲೇ ಬಾಡುತ್ತಿತ್ತು. ಅಂಥದ್ದೊಂದು ಹೂವನ್ನು ನನ್ನ ಅಂಗಳದಲ್ಲೂ ನೋಡಬೇಕು, ಅದಕ್ಕೊಂದು ಕೊಳ ಕಟ್ಟಿಸಬೇಕು ಎಂದು ಹೋದ ಬೇಸಿಗೆಯಲ್ಲಿ ಹಟ ಹಿಡಿದೆ.

"ನೋಡಾಕಂತ ಯಾರರ ನೀರ ತುಂಬಿ ಇಡ್ತಾರೇನ ಬೇ?" ಎಂದರು ಅತ್ತೆ. ನನ್ನ ಗಂಡ ಪೇಪರಿನ ಹಿಂದೆ ಅಡಗಿಕೊಂಡರು.

ನೆಲ ಅಗೆದು ಕಟ್ಟುವ ಹಾಗಿರಲಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದಕ್ಕೇ ಮೇಲಿನ ಎರೆ ತೆಗೆಸಿ, ಗರಸುಮಣ್ಣು ಹಾಕಿ ಬಡಿಸಿ, ಕಾಂಕ್ರೀಟು ಹಾಕಿಸಿ, ಅದರ ಮೇಲೆ ಇಟ್ಟಂಗಿಯ ಕೊಳ ಎಂದಾಯಿತು. ಸುತ್ತಲೂ ಕೂರುವಷ್ಟು ಅಗಲದ ಅಂಚು ಬೇಕು ಎಂದು ಗೌಂಡಿಗೆ ಹೇಳಿ ಒಂದು ಮದುವೆಗೆ ಹೋದೆ. ಬಂದು ನೋಡಿದರೆ ಗೋಡೆಯ ಹೊರಮೈಗೆ ಒಂದು ಕಬ್ಬಿಣದ ಬಳೆ.

"ಇದ್ಯಾಕ?"

"ಎಮ್ಮಿ ಕಟ್ಟಾಕ ಬೇಕಲ್ರಿ ಅಕ್ಕಾರ."

ಜೀವಮಾನವೆಲ್ಲ ದನಕ್ಕೆ ನೀರು ಕುಡಿಸುವ ದೋಣಿ ಕಟ್ಟಿದ ಕೈ ಅದು. ನಮ್ಮಲ್ಲಿ ಎಮ್ಮೆಯೇ ಇಲ್ಲವಲ್ಲ ಎಂದರೆ, "ಇವತ್ತಿಲ್ಲಂದ್ರ ನಾಳಿ ಬರ್ತೈತ್ರಿ" ಎಂದ. ನನ್ನ ಸಿಟ್ಟು ನೆತ್ತಿಗೇರಿತು. ಆದರೆ ಬಳೆ ಕಿತ್ತರೆ ಗೋಡೆಯ ಗಿಲಾವು ಒಡೆಯುತ್ತಿತ್ತು, ಹಾಗೇ ಬಿಟ್ಟೆ.

ಸಿಮೆಂಟಿನ ಕ್ಷಾರ ಹೋಗಲೆಂದು ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿದೆವು. ಸೊಳ್ಳೆ ತಿನ್ನಲು ಸಣ್ಣ ಮೀನು ಬಿಟ್ಟೆವು. ತವರಿನಿಂದ ತಮ್ಮ ತಂದುಕೊಟ್ಟ ಗಡ್ಡೆಯನ್ನು ಎರೆಮಣ್ಣು ತುಂಬಿದ ಬುಟ್ಟಿಯಲ್ಲಿ ನೆಟ್ಟು ಮುಳುಗಿಸಿದೆ. ಎಲೆ ಬಂತು, ಆಮೇಲೆ ಒಂದೇ ಒಂದು ಮೊಗ್ಗು.

ಮೊಗ್ಗು ಕಂಡಾಗ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಕೂತು ಕೈ ಚಾಚಿದರೆ ಎಟುಕುವ ಹಾಗೆ ಅಂಚು ಕಟ್ಟಿಸಿದವಳು ನಾನೇ ತಾನೇ.

"ಅತ್ತಿ, ಇದೊಂದ ಹರೀಬ್ಯಾಡ್ರಿ," ಎಂದೆ.

"ದೇವರಿಗಿಲ್ಲದ್ದು ಹೂ ಹ್ಯಾಂಗಾದೀತವ್ವಾ?" ಎಂದು ಒಳಗೆ ಹೋದರು.

ಅರಳುವ ದಿನ ಅವರಿಗಿಂತ ಮೊದಲು ಏಳಬೇಕೆಂದುಕೊಂಡವಳು ಸೊಗಸಾಗಿ ನಿದ್ದೆ ಹೊಡೆದೆ. ಎದ್ದು ಓಡಿಬಂದರೆ ಅತ್ತೆ ಕೊಳದ ಅಂಚಿನ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಹೂಬುಟ್ಟಿ. ಮುಗಿಯಿತು ಎಂದುಕೊಂಡೇ ಹತ್ತಿರ ಹೋದೆ.

ಬುಟ್ಟಿಯಲ್ಲಿ ಬರೀ ದಾಸವಾಳ, ಕಣಗಿಲೆ. ಅತ್ತೆಯ ಅಂಗೈಯಲ್ಲಿ ಲಿಂಗ, ಎದುರಿಗೆ ನೀರಿನ ಮೇಲೆ, ದೇಟಿನಲ್ಲೇ ಅರಳಿ ನಿಂತ ತಾವರೆ. ಅದರ ಮೇಲೆ ಬಿಸಿಲು ಬಿದ್ದಿತ್ತು. ನನ್ನ ಕಣ್ಣು ತುಂಬಿ ಬಂತು.

ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಅತ್ತೆ ಹೇಳಿದರು: "ನೀರಾಗ ಇದ್ದಂಗನ ಏರಿಸೇನಿ. ಅವಂಗ ಇಲ್ಲಿಂದನೂ ಕಾಣತೈತಿ."

ಆಮೇಲೆ ಎಮ್ಮೆಯ ಬಳೆ ಹಿಡಿದು ಮೆಲ್ಲಗೆ ಸರಿದು, ಪಕ್ಕದಲ್ಲಿ ನನಗೂ ಜಾಗ ಮಾಡಿದರು.

"ಚಾ ಇಲ್ಲೇ ತೊಗೊಂಡ ಬಾ ಬೇ. ನಂದೂ, ನಿಂದೂ."