ಸಲೋಮಿ ಟೀಚರಮ್ಮನ ಹುಡುಗರು
ವಾಡಿಯ ಸಲೋಮಿ ಟೀಚರಮ್ಮ ಮೂವತ್ತೆಂಟು ವರ್ಷಗಳಿಂದ ಚರ್ಚಿನ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾರೆ. ಅವರ ಕೈಯಲ್ಲಿ ಕಲಿತವರು ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯವರೆಗೂ ಹರಡಿಕೊಂಡಿರುವುದರಿಂದ, ಆ ದಾರಿಯ ಯಾವ ಬಸ್ಸಿನಲ್ಲೂ ಅವರು ನಿಂತು ಹೋದದ್ದಿಲ್ಲ. "ಟೀಚರ್, ನಿಮ್ಮ ಸುಕುಮಾರ ಇಂಜಿನಿಯರ್ ಆದ್ನಂತ್ರಿ" ಎಂದು ಯಾರಾದರೂ ಹೇಳಿದರೆ, "ಅದು ಇರ್ಲಿ, ಅವ್ವನ ಕೂಡ ಮೆತ್ತಗ ಮಾತಾಡ್ತಾನಿಲ್ಲೋ?" ಎಂದು ಕೇಳುತ್ತಾರೆ. ಆಡಕಿಯ ಶಿಷ್ಯ ದಾನಿಯೇಲ ಆರು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಕ್ಷಮಿಸಿ ಮನೆಗೆ ಕರೆದಾಗ, ಆ ಸುದ್ದಿಯನ್ನು ಬಸ್ ಕಂಡಕ್ಟರಿಗೂ, ತರಕಾರಿ ಮಾರುವ ಲತೀಫಾಗೂ, ಔಷಧಿ ಅಂಗಡಿಯ ಗುರುಲಿಂಗಯ್ಯನವರಿಗೂ ಹೇಳಿ, "ನಮ್ಮ ಹುಡುಗ ರೀ!" ಎಂದು ಬೀಗಿದರು. ಆ ಹುಡುಗನಿಗೆ ಆಗ ನಲವತ್ತೈದು ವರ್ಷ. ಹೋದ ವರ್ಷ ಟೀಚರಮ್ಮನ ಗಂಡ ತೀರಿಕೊಂಡರು. ಊರಿಗೆಲ್ಲ ಪ್ರಾರ್ಥನೆ ಕಲಿಸಿದವರಿಗೆ ಪ್ರಾರ್ಥನೆಯೇ ಬಾಯಿಗೆ ಬಾರದಾಯಿತು. "ದೇವರ ಕೂಡ ಏನ ಮಾತಾಡ್ಲಿ?" ಎಂದು ವಾರಗಟ್ಟಲೆ ಬೈಬಲ್ ಮುಚ್ಚಿಯೇ ಇಟ್ಟರು. ಆಗ ದಂಡೋತಿಯಿಂದ ಅವರ ಹಳೆಯ ಶಿಷ್ಯೆ ರೂತಮ್ಮ ಬಂದಳು. ಮಾತು ತೊದಲುತ್ತದೆಂದು ನಾಲ್ಕು ಜನರ ಮುಂದೆ ಎಂದೂ ಬಾಯಿಬಿಡದವಳು, ಮನೆಯಲ್ಲಿ ಪ್ರಾರ್ಥನೆಗೆ ಸೇರಿದವರೆಲ್ಲರ ಎದುರು ಟೀಚರಮ್ಮನ ಕೈ ಹಿಡಿದು, "ತಂದೀ, ಇವರ ಕಡಿಂದ ನಾ ಮಾತಾಡ್ತೀನಿ. ಇವರಿಗೆ ನಿನ್ನ ಮ್ಯಾಲ ಭಾಳ ಸಿಟ್ಟದ. ಅದನ್ನೂ ಕೇಳಿಸ್ಕೋ" ಎಂದು ತಡವರಿಸುತ್ತಲೇ ಬೇಡಿಕೊಂಡಳು. ಟೀಚರಮ್ಮ ಕಣ್ಣೀರು ಒರೆಸಿಕೊಳ್ಳದೆ ಎಲ್ಲರ ಕಡೆ ತಿರುಗಿ, "ಕೇಳಿದ್ರಿಲ್ಲೋ? ಇದು ನಾ ಕಲಿಸಿದ್ದಲ್ಲ. ಆಕಿ ನನಗಿಂತ ಮುಂದ ಹೋಗ್ಯಾಳ!" ಎಂದರು.