ಒಂದು ಗಂಟೆಯ ಗಾಳಿಕಿಂಡಿ

ಔಲು ನಗರದ ಮೊಬೈಲ್ ಕಂಪನಿಯೊಂದರಲ್ಲಿ ವಿಯೆನೊ ಕಾರ್ಪಿನೆನ್ ಜೊತೆ ನಾನು ಹನ್ನೊಂದು ವರ್ಷ ದುಡಿದೆ. ಆಂಟೆನಾ ಕಟ್ಟಿದ ಗಾಡಿಯನ್ನು ಮನೆಮನೆಯೊಳಗೆ ತಳ್ಳಿ, ಹೊರಗಿನ ಗೋಪುರದ ಸಿಗ್ನಲ್ ಒಳಗೆ ಎಷ್ಟು ಉಳಿಯುತ್ತದೆಂದು ಅಳೆಯುವುದು ಅವಳ ಕೆಲಸ. ಚಳಿ ತಡೆಯಲು ಲೋಹದ ತೆಳು ಲೇಪ ಹಚ್ಚಿದ ಕಿಟಕಿಗಾಜು, ಹೊಸ ಹೆಚ್ಚಿನ ಕಂಪನಾಂಕದ ಅಲೆಗಳಲ್ಲಿ ಸಾವಿರಕ್ಕೊಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ.

ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಹೊಸ ಗಾಳಿಗೆಂದು ಕಿಟಕಿ ಪಕ್ಕದ ಗಾಳಿಕಿಂಡಿಯ ಹಿಡಿ ತಿರುಗಿಸಿ ಅದನ್ನು ತೆರೆಯುವುದು ನಮ್ಮೆಲ್ಲರ ಅಭ್ಯಾಸ. ಏಪ್ರಿಲ್‌ನಲ್ಲಿ ಹಿಲ್ಯಾ ಎಂಬ ಹೃದ್ರೋಗಿಯ ಮನೆಯನ್ನೂ ವಿಯೆನೊ ಹಾಗೆಯೇ ಅಳೆದಳು. ಅವರ ಕೈಪಟ್ಟಿಯ ಅಪಾಯದ ಕರೆ ಹೊರಗೆ ತಲುಪುತ್ತದೆಂದು ಸಹಿ ಹಾಕಿದಳು.

ನವೆಂಬರ್‌ನಲ್ಲಿ ಹಿಲ್ಯಾ ಆಸ್ಪತ್ರೆ ಸೇರಿದರು. ಬೀಗ ಹಾಕಿದ ಮನೆಯಲ್ಲಿ ಕೈಪಟ್ಟಿಯ ಕರೆಯನ್ನು ಹೊರಗೆ ದಾಟಿಸುವ ಪೆಟ್ಟಿಗೆ, ತಾನು ಸರಿಯಿದ್ದೇನೆಂದು ಐದು ನಿಮಿಷಕ್ಕೊಮ್ಮೆ ಸಂದೇಶ ಕಳಿಸಬೇಕಿತ್ತು. ದಿನಕ್ಕೆ ಎರಡೇ ಬರುತ್ತಿದ್ದವು: ಮಧ್ಯಾಹ್ನ ಒಂದಕ್ಕೆ, ಮತ್ತೆ ಒಂದೂ ಐದಕ್ಕೆ. ಅವರು ಶುಕ್ರವಾರ ಮನೆಗೆ ಮರಳುವವರಿದ್ದರು.

ಬುಧವಾರ ಕೀಲಿ ತಂದು ನಾವಿಬ್ಬರೂ ಒಳಹೊಕ್ಕೆವು. ಕಿಂಡಿಯ ಹಿಡಿಯತ್ತ ಚಾಚಿದ ವಿಯೆನೊಳ ಕೈ ಅರ್ಧಕ್ಕೇ ನಿಂತಿತು. ಕಿಂಡಿ ಮುಚ್ಚಿತ್ತು, ಮೀಟರಿನಲ್ಲಿ ಸಿಗ್ನಲ್ ಇರಲಿಲ್ಲ.

"ಅಯ್ಯೋ, ನಾನು ಅವತ್ತು ಅಳೆದಿದ್ದು ಕಿಂಡಿ ತೆಗೆದಿಟ್ಟು" ಎಂದಳು. ಬೇಸಿಗೆಯಿಡೀ ಹಿಲ್ಯಾ ಕಿಂಡಿ ತೆರೆದೇ ಇಟ್ಟಿದ್ದರಿಂದ ಈ ತಪ್ಪು ಯಾರಿಗೂ ಗೊತ್ತಾಗಿರಲಿಲ್ಲ.

ಸರಿಯಾಗಿ ಒಂದಕ್ಕೆ ಕಾಲ ಬಳಿ ತಣ್ಣನೆಯ ಗಾಳಿ ಹರಿಯಿತು. ಮೀಟರಿನ ಅಂಕಿ ಮೂವತ್ತು ಡೆಸಿಬೆಲ್, ಅಂದರೆ ಸಾವಿರ ಪಟ್ಟು, ಏರಿತು. ಕಿಂಡಿ ಒಂದು ಗೇಣು ತೆರೆದಿತ್ತು. ನಾವಿಬ್ಬರೂ ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆವು. ಒಂದೂ ಏಳಕ್ಕೆ ಅದು ಮುಚ್ಚಿಕೊಂಡಿತು. ಹಿಡಿ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ.

ಆಸ್ಪತ್ರೆಯಲ್ಲಿ ಇದನ್ನು ಕೇಳಿ ಹಿಲ್ಯಾ ಗಾಬರಿಯಾಗಲಿಲ್ಲ.

"ನಮ್ಮ ಯಜಮಾನ್ರು ಎರ್ಕಿನೇ ಇರ್ಬೇಕು ಕಣಮ್ಮ. ಊಟ ಆದ್ಮೇಲೆ ಗಾಳಿ ಬಿಡದಿದ್ರೆ ಅವ್ರಿಗೆ ಆಗ್ತಿರ್ಲಿಲ್ಲ. ತೀರಿಹೋಗಿ ಆರು ವರ್ಷ ಆಯ್ತು. ಈ ಕಿಟಕಿ ಹಾಕ್ಸಿದ್ದು ಹೋದ್ವರ್ಷ. ಹೊಸ ಹಿಡಿ ತಿರುಗ್ಸೋದು ಯಾವಾಗ ಕಲಿತ್ರೋ."

ಸಂದೇಶ ಬರುತ್ತಿದೆಯಲ್ಲ, ಹಳೆಯ ವರದಿಯೇ ಇರಲಿ ಎಂದರು ನಮ್ಮ ಮುಖ್ಯಸ್ಥರು. ವಿಯೆನೊ ಒಪ್ಪಲಿಲ್ಲ.

"ಹಿಲ್ಯಾ ಅವ್ರು ಒಂದು ಗಂಟೆಗೇ ಬೀಳ್ತಾರೆ ಅಂತ ಬರ್ಕೊಡ್ತೀರಾ, ಸಾರ್?"

ತನ್ನ ಅಳತೆ ತಪ್ಪೆಂದು ಬರೆದು ಸಹಿ ಹಾಕಿದಳು. ಗುರುವಾರ ಹೊರಗೋಡೆಗೊಂದು ಆಂಟೆನಾ ಬಿಗಿದು, ತಂತಿಯನ್ನು ಒಳಗೆಳೆದು, ಪೆಟ್ಟಿಗೆಗೆ ಸಿಗ್ನಲ್ ಕೊಟ್ಟೆವು. ಎರಡು ವಾರದ ನಂತರ, ಸಂಜೆ ಏಳಕ್ಕೆ ಹಿಲ್ಯಾ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಕರೆ ತಲುಪಿತು, ಜೀವ ಉಳಿಯಿತು.

ನಿವೃತ್ತಿಯವರೆಗೂ ವಿಯೆನೊ ಯಾವ ಮನೆಯಲ್ಲೂ ಕಿಂಡಿ ಮುಟ್ಟಲಿಲ್ಲ. ಒಳಗೆ ಹೋದೊಡನೆ ಕೈಗಳನ್ನು ಜೇಬಿಗಿಳಿಸುತ್ತಿದ್ದಳು. ಅಳತೆ ಮುಗಿದರೂ ಗಾಡಿಯ ಪಕ್ಕ ನಿಂತು, ಕಿಂಡಿಯನ್ನೇ ನೋಡುತ್ತ, ಮಧ್ಯಾಹ್ನದ ಒಂದು ಗಂಟೆ ದಾಟುವುದನ್ನು ಕಾಯುತ್ತಿದ್ದಳು.