ತೆರೇಜಕ್ಕನ ದಬ್ಬಣ

ತೆರೇಜಕ್ಕ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನುಷ್ಯರ ಮುಖವನ್ನಲ್ಲ, ಮೂಲೆಗಳನ್ನು. ಬಚ್ಚಲ ಹಿಂದೆ, ಮಂಚದ ಕೆಳಗೆ, ದನ ಕಟ್ಟುವ ಗೂಟದ ಹತ್ತಿರ, ಎಲ್ಲಾದರೂ ಬೆಳೆಗೆ ಹೊಡೆಯುವ ವಿಷದ ಖಾಲಿ ಡಬ್ಬಿ ಕಂಡರೆ ಮುಗಿಯಿತು. ಕೈಚೀಲದಿಂದ ಗೋಣಿ ಹೊಲಿಯುವ ದಬ್ಬಣ ತೆಗೆದು ಡಬ್ಬಿಯ ತಳಕ್ಕೆ ಮೂರು ತೂತು ಹಾಕುತ್ತಿದ್ದಳು. ಆಮೇಲೆ ದಬ್ಬಣ ಒಳಗಿಟ್ಟು, "ಹೂಂ, ಹೇಳ್ರಿ. ಎಲ್ಲಾರೂ ಆರಾಮ ಅದೀರಿಲ್ಲೋ?" ಎಂದು ಕ್ಷೇಮ ಕೇಳುತ್ತಿದ್ದಳು.

ಜವಳಗೇರಾದಲ್ಲಿ ಇದು ಸಣ್ಣ ತಪ್ಪಲ್ಲ. ಕಾಲುವೆ ನೀರು ಬಂದು ಊರ ಸುತ್ತ ಭತ್ತವೇ ಭತ್ತ ಆದ ಮೇಲೆ ಈ ವಿಷವನ್ನು ನಾವು 'ಎಣ್ಣಿ' ಎಂದು ಕರೆಯುತ್ತೇವೆ. ಐದು ಲೀಟರಿನ ಬಿಳಿ ಡಬ್ಬಿ, ಗಟ್ಟಿ ಹಿಡಿಕೆ, ಬಿಗಿ ಮುಚ್ಚಳ. ಡೀಸೆಲ್ ತರಲು, ಹೊಲಕ್ಕೆ ನೀರು ಒಯ್ಯಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನಮ್ಮದು ಎಣ್ಣಿ ಅಂಗಡಿ. ಖಾಲಿ ಡಬ್ಬಿಗಳನ್ನು ಅಪ್ಪ ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದ. ಅಪ್ಪ ಹೋದ ಮೇಲೆ ನಾನೂ ಕೊಟ್ಟೆ. ನಾನು ಕೊಡುವುದು, ನಮ್ಮ ಪಕ್ಕದ ಮನೆಯ ತೆರೇಜಕ್ಕ ಹೋಗಿ ತೂತು ಹಾಕುವುದು, ಹೀಗೆ ವರ್ಷಗಟ್ಟಲೆ ನಡೆಯಿತು.

"ಖಾಲಿ ಡಬ್ಬಿ ನಿನಗೇನು ಮಾಡ್ಯಾವ ಅಕ್ಕ?" ಎಂದು ನಾನು ಕಾಡಿಸಿದರೆ, "ಹಾವು ಹೊರಗ ಹೋತಂತ ಹುತ್ತದಾಗ ಕೈ ಇಡ್ತೀಯೇನಲೇ ಅಮರೇಶ?" ಎನ್ನುತ್ತಿದ್ದಳು.

ಅವಳ ತವರು ಮುದಗಲ್. ಅಲ್ಲಿನ ಹಳೆಯ ಕ್ರೈಸ್ತ ಮನೆತನ. ಮದುವೆಯಾಗಿ ನಮ್ಮೂರಿಗೆ ಬಂದವಳು ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ಎತ್ತಿ ಇಳಿಸಿ ಸಾಕಿದಳು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು. ಭಾನುವಾರ ಬೆಳಗಿನ ಬಸ್ಸಿಗೆ ಸಿಂಧನೂರಿನ ಚರ್ಚಿಗೆ ಪೂಜೆಗೆ ಹೋದರೆ ತಿರುಗಿ ಬರುವುದು ಸಂಜೆಗೇ. ನಡುವಿನ ಹೊತ್ತೆಲ್ಲ ದವಾಖಾನೆಯಲ್ಲಿ. ಯಾರೂ ದಿಕ್ಕಿಲ್ಲದ ರೋಗಿಗೆ ಗಂಜಿ ಕುಡಿಸುವುದು, ಓದು ಬಾರದವರ ಚೀಟಿ ಹಿಡಿದು ಓಡಾಡುವುದು. ಪೋಲಿಯೋ ಹನಿಯ ದಿನ ಊರಿನ ಕೂಸುಗಳನ್ನೆಲ್ಲ ಹಿಡಿದು ತರುತ್ತಿದ್ದವಳೂ ಅವಳೇ. ನಮ್ಮವ್ವ ಲಕ್ವ ಹೊಡೆದು ಮಲಗಿದಾಗ ಅವಳ ಬಾಯಿ ಒರೆಸಿದವಳು ತೆರೇಜಕ್ಕ. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ಮುಂದೆ ಬರೆಯಬೇಕಾದುದಕ್ಕೆ ಇದೆ.

ಒಂದು ವರ್ಷ ನಾಟಿಯ ಹೊತ್ತು. ನನ್ನ ಹೊಲದಲ್ಲಿ ಹನ್ನೆರಡು ಹೆಣ್ಣಾಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಿದ್ದರು. ನಮ್ಮ ಮನೆಯಿಂದಲೇ ಮಜ್ಜಿಗೆ ಹೋಗಿತ್ತು, ಬಿಳಿ ಡಬ್ಬಿಯಲ್ಲಿ. ಆಳುಗಳ ಜೊತೆ ನಾಟಿಗೆ ಬಂದಿದ್ದ ತೆರೇಜಕ್ಕ ಎದ್ದು, ಯಾರೂ ಲೋಟ ಒಡ್ಡುವ ಮೊದಲೇ ಡಬ್ಬಿ ಎತ್ತಿ ಅಷ್ಟೂ ಮಜ್ಜಿಗೆಯನ್ನು ಬದುವಿನ ಮೇಲೆ ಸುರಿದುಬಿಟ್ಟಳು. ಆ ಬಿಸಿಲಿನಲ್ಲಿ ಹೆಂಗಸರು ಅವಳನ್ನು ಬೈದ ಬೈಗುಳ ಕಾಲುವೆಯಾಚೆಗೂ ಕೇಳಿಸಿತು. ನಾನೂ ಓಡಿ ಹೋಗಿ ಕೂಗಾಡಿದೆ.

"ನಮ್ಮ ಮನ್ಯಾಗ ಬಿಸಿನೀರು ಹಾಕಿ ತೊಳದೀವಿ ಅಕ್ಕ. ನಮಗೇನು ಅಷ್ಟೂ ಬುದ್ಧಿ ಇಲ್ಲೇನು?"

ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತೂತು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನೂ ತೊಳದಿದ್ದೆ, ಅಮರೇಶ. ಮೂರು ಸಲ. ಬೂದಿ ಹಾಕಿ, ಹುಣಸಿಹಣ್ಣು ಹಾಕಿ ತಿಕ್ಕಿದ್ದೆ. ಮೂಸಿ ನೋಡಿದೆ, ವಾಸನಿ ಇರಲಿಲ್ಲ. ನೀರು ತುಂಬಿ ನನ್ನ ಕೈಯಾರೆ ನಮ್ಮ ಮನಿಯವ್ರ ಬುತ್ತಿ ಸಂಗಾಟ ಕೊಟ್ಟೆ."

ಅವಳ ಗಂಡ ಚಿನ್ನಪ್ಪಣ್ಣ ಹೊಲದಲ್ಲಿ ಬಿದ್ದು ಸತ್ತಿದ್ದು ಊರಿಗೆಲ್ಲ ಗೊತ್ತಿತ್ತು. ಬಿಸಿಲು ಬಡಿಯಿತು ಅಂದಿದ್ದರು, ಎದೆ ಹಿಡಿಯಿತು ಅಂದಿದ್ದರು. ಬಾಯಲ್ಲಿ ನೊರೆ ಬಂದದ್ದನ್ನು ನೋಡಿದವಳು ಇವಳೊಬ್ಬಳೇ. ಆ ಡಬ್ಬಿ ಯಾರು ಕೊಟ್ಟಿದ್ದು ಎಂದು ನಾನು ಕೇಳಲಿಲ್ಲ. ಊರಲ್ಲಿ ಇದ್ದದ್ದು ಒಂದೇ ಎಣ್ಣಿ ಅಂಗಡಿ, ನಮ್ಮದು.

ಆ ದಿನದಿಂದ ನಾನು ಖಾಲಿ ಡಬ್ಬಿ ಕೊಡುವುದು ಬಿಟ್ಟೆ. ಅವಳಿಗೆ ಅಷ್ಟು ಸಾಕಾಗಲಿಲ್ಲ. ಅವಳ ಮಗ ರಾಯಪ್ಪ ಮೀಸೆ ಬಂದ ಗಂಡಸಾಗಿದ್ದ, ಬೆನ್ನಿಗೆ ಪಂಪು ಹಾಕಿಕೊಂಡು ಗೊರೇಬಾಳ, ಸಾಲಗುಂದ ಎಂದು ಊರೂರಿಗೆ ಎಣ್ಣಿ ಹೊಡೆಯುವ ಕೂಲಿಗೆ ಹೋಗುತ್ತಿದ್ದ. ಸಂಜೆ ಅವನ ಅಂಗಿಯನ್ನು ಕೋಲಿನಿಂದ ಎತ್ತಿ ಬಕೀಟಿಗೆ ಹಾಕುತ್ತಿದ್ದಳು. ಒಂದು ದಿನ ಅಂಗಡಿಗೆ ಬಂದು ನನ್ನ ಎದುರು ನಿಂತಳು. ಜೀವನದಲ್ಲಿ ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

"ರಾಯನ್ನ ಅಂಗಡ್ಯಾಗ ಇಟ್ಕೋ. ಮೂಟಿ ಇಳಸಲಿ, ಕಸ ಹೊಡೀಲಿ. ಬೆನ್ನಿಗೆ ಪಂಪು ಮಾತ್ರ ಹಾಕಬ್ಯಾಡ. ಒಬ್ಬನ್ನ ನಾನ ಕಳಕೊಂಡೀನಿ. ಇವನ್ನ ನಿನ್ನ ಕೈಯಾಗ ಇಡಾಕತ್ತೀನಿ."

"ಆತು ಅಕ್ಕ. ನನ್ನ ಮಾತು ಐತಿ" ಎಂದೆ. ಎರಡು ವರ್ಷ ಆ ಮಾತು ಉಳಿಸಿಕೊಂಡೆ ಕೂಡ.

ಹೋದ ವರ್ಷ ತೆನೆ ಬರುವ ಹೊತ್ತಿಗೆ ಭತ್ತಕ್ಕೆ ಜಿಗಿಹುಳ ಬಿತ್ತು. ಒಂದೇ ವಾರದಲ್ಲಿ ಹೊಲಗಳು ಅಲ್ಲಲ್ಲಿ ಸುಟ್ಟಂತೆ ಕೆಂಪಾದವು. ಊರ ಮೇಲೆಲ್ಲ ಎಣ್ಣಿಯ ವಾಸನೆ. ಗುಬ್ಬಿಗಳ ಸದ್ದು ನಿಂತುಹೋಗಿತ್ತು. ಹೊಡೆಯುವ ಆಳು ದುಪ್ಪಟ್ಟು ಕೂಲಿ ಕೊಟ್ಟರೂ ಇಲ್ಲ. ಗೊರೇಬಾಳದಲ್ಲಿ ನನ್ನ ಎಂಟು ಎಕರೆ ಕಣ್ಣೆದುರಿಗೇ ಹೋಗುತ್ತಿತ್ತು. "ನಾ ಹೊಡೀತೀನಿ ಮಾಮಾ, ಅವ್ವಗ ಹೇಳಬ್ಯಾಡ್ರಿ" ಎಂದ ರಾಯಪ್ಪ. ನಾನು ಬೇಡ ಅನ್ನಲಿಲ್ಲ. ತೆರೇಜಕ್ಕನ ಮೇಲೆ ನನಗೆ ಪ್ರೀತಿ ಇತ್ತು. ಎಂಟು ಎಕರೆಯ ಮೇಲೆ ಇನ್ನೂ ಹೆಚ್ಚು ಇತ್ತು ಅಂತ ಕಾಣುತ್ತದೆ.

ಅವಳು ಆಗಲೇ ಕಿಡ್ನಿ ಕೆಟ್ಟು, ಕಾಲು ಬಾತು ಮಂಚ ಹಿಡಿದಿದ್ದಳು. ನೋಡಲು ಹೋದೆ. ಎದೆಯ ಮೇಲೆ ಜಪಸರ ಇತ್ತು. ಕಿಟಕಿಯಿಂದ ಹೊಲದ ಗಾಳಿ ಬರುತ್ತಿತ್ತು. ಅವಳು ಅದನ್ನು ಮೂಸಿದಳು.

"ಭಾಳ ಹೊಡ್ಯಾಕತ್ತಾರ ಈ ಸಲ" ಎಂದಳು. ನನ್ನತ್ತ ತಿರುಗಿ, "ರಾಯ ಎಲ್ಲಿ ಹೋಗ್ಯಾನ?" ಎಂದಳು.

"ಸಿಂಧನೂರಿಗೆ ಅಕ್ಕ. ಅಂಗಡಿ ಮಾಲು ತರಾಕ."

"ಖರೇನು?"

"ಖರೇನ."

ಅವಳು ನನ್ನ ಕೈ ಹಿಡಿದು ಅಮುಕಿದಳು. "ದೇವರು ನಿನ್ನ ಚೆಂದ ಇಡಲಿ" ಎಂದು ಕಣ್ಣು ಮುಚ್ಚಿದಳು. ಆ ಹೊತ್ತಿನಲ್ಲಿ ರಾಯಪ್ಪ ನನ್ನ ಹೊಲದ ನಡುವೆ, ಮೂಗಿಗೆ ಟವೆಲ್ ಸುತ್ತಿಕೊಂಡು, ಎದುರುಗಾಳಿಯಲ್ಲಿ ನಿಂತಿದ್ದ.

ನಾಲ್ಕನೆಯ ದಿನ ತೆರೇಜಕ್ಕ ತೀರಿಕೊಂಡಳು. ಆ ಮೂರು ದಿನವೂ ಅವನು ಹೊಡೆದ. ಬೆಳೆ ಉಳಿಯಿತು.

ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಫಾದರ್ ಪ್ರಾರ್ಥನೆ ಮುಗಿಸಿ ಮಗನನ್ನು ಕರೆದರು. ರಾಯಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಕೈ ಕುಣಿಯ ಮೇಲಕ್ಕೆ ಬರುವಷ್ಟರಲ್ಲಿ ಮಣ್ಣೆಲ್ಲ ಬೆರಳ ಸಂದಿಯಿಂದ ಅವನ ಕಾಲಿನ ಮೇಲೇ ಉದುರಿತು. ಮತ್ತೆ ತೆಗೆದುಕೊಂಡ, ಮತ್ತೆ ಉದುರಿತು. "ಪಾಪ, ಅವ್ವನ ಮ್ಯಾಲ ಭಾಳ ಜೀವ" ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಣ್ಣಿ ಮಾರುವ ನನಗೆ ಆ ನಡುಕ ಯಾವುದು ಅಂತ ಗೊತ್ತು. ಮೂರನೆಯ ಸಲ ನಾನೇ ಹೋಗಿ ಅವನ ಮುಷ್ಟಿಯನ್ನು ನನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದೆ. ನನ್ನ ಕೈಯೊಳಗೂ ಅದು ನಿಲ್ಲಲಿಲ್ಲ.